ತಾರಸಿಯ ಚೀಲದಲ್ಲಿ ಆಲೂಗೆಡ್ಡೆ: ಬಿತ್ತನೆಯಿಂದ ಕೀಳುವವರೆಗೆ

ಮನೆ ಸುತ್ತ ಜಾಗ ಇಲ್ಲ, ತಾರಸಿಯಲ್ಲೋ ಬಾಲ್ಕನಿಯಲ್ಲೋ ಆಲೂಗೆಡ್ಡೆ ಬೆಳೆಯಬೇಕು ಅಂದುಕೊಂಡವರು ಮೊದಲು ಕೇಳುವುದು ಎಷ್ಟು ದೊಡ್ಡ ಕುಂಡ ಬೇಕು ಅಂತ. ಅದಕ್ಕಿಂತ ಮುಂಚೆ ಕೇಳಬೇಕಾದದ್ದು ಯಾವ ತಿಂಗಳಲ್ಲಿ ಹಾಕಬೇಕು ಅನ್ನುವುದು.

ಆಲೂಗೆಡ್ಡೆಗೆ ತಂಪು ಬೇಕು. ಮಣ್ಣು 15ರಿಂದ 20 ಡಿಗ್ರಿ ಸೆಲ್ಸಿಯಸ್ ಇದ್ದಾಗ ಗೆಡ್ಡೆ ಚೆನ್ನಾಗಿ ಕಟ್ಟುತ್ತದೆ. ರಾತ್ರಿ ಹೊತ್ತೂ 20 ಡಿಗ್ರಿ ಮೀರುತ್ತಿದ್ದರೆ ಇಳುವರಿ ಇಳಿಯುತ್ತದೆ. ಮಣ್ಣೇ 30 ಡಿಗ್ರಿ ಹತ್ತಿರ ಕಾದರೆ ಗೆಡ್ಡೆ ಕಟ್ಟುವುದು ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಮೋಸ ಏನೆಂದರೆ, ಗಿಡ ನೋಡಿದರೆ ಇದು ಗೊತ್ತಾಗುವುದಿಲ್ಲ. ಮೇಲೆ ಸೊಂಪಾಗಿ ಹಸಿರಾಗಿ ಇರುತ್ತದೆ. ಅಗೆದರೆ ಗೋಲಿ ಗಾತ್ರದ ನಾಲ್ಕು ಗೆಡ್ಡೆ ಸಿಗುತ್ತವೆ, ಅಷ್ಟೇ.

ಹೊಲದ ಮಣ್ಣು ಮೇಲೆ ಕಾದರೂ ಅರ್ಧ ಅಡಿ ಕೆಳಗೆ ತಂಪಾಗಿರುತ್ತದೆ. ತಾರಸಿಯ ಚೀಲಕ್ಕೆ ಆ ಅನುಕೂಲ ಇಲ್ಲ. ಸುತ್ತ ಬಿಸಿಲು, ಅಡಿಯಲ್ಲಿ ಕಾದ ಕಾಂಕ್ರೀಟು. ಹಾಗಾಗಿ ಮುಂದೆ ಹೇಳುವ ಚೀಲದ ಬಣ್ಣ, ಮಣ್ಣಿನ ಮಿಶ್ರಣ, ಹೊದಿಕೆ, ನೀರು ಎಲ್ಲವೂ ಒಂದೇ ಕೆಲಸಕ್ಕೆ: ಬುಡದ ಮಣ್ಣನ್ನು ತಂಪಾಗಿ ಇಡುವುದಕ್ಕೆ.

ಯಾವಾಗ ಹಾಕಬೇಕು

ಕರ್ನಾಟಕದಲ್ಲಿ ಆಲೂಗೆಡ್ಡೆ ಅಂದರೆ ಮೊದಲು ನೆನಪಾಗುವುದು ಹಾಸನ. ಅಲ್ಲಿ ಮಳೆ ನಂಬಿ ಮೇ–ಜೂನ್‌ನಲ್ಲಿ ಬಿತ್ತುತ್ತಾರೆ. ತಾರಸಿಯವರು ಇದನ್ನು ನಕಲು ಮಾಡಬೇಡಿ. ಮಳೆಗಾಲದ ಬೆಳೆಗೆ ಅಂಗಮಾರಿ ರೋಗದ ಕಾಟ ಜಾಸ್ತಿ. ಅದನ್ನು ತಡೆಯಲು ರೈತರು ಮಾಡುವಷ್ಟು ಸಿಂಪಡಣೆಯನ್ನು ಮನೆ ಮೇಲೆ ಯಾರೂ ಮಾಡಲಾರರು, ಮಾಡಲೂಬಾರದು.

ಬೆಂಗಳೂರು, ಮೈಸೂರು, ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗಿನ ಸಮಯ ಸರಿ. ಗೆಡ್ಡೆ ಕಟ್ಟುವ ದಿನಗಳು ಡಿಸೆಂಬರ್–ಜನವರಿಯ ಚಳಿಗೆ ಬೀಳುತ್ತವೆ. ಧಾರವಾಡ, ಬೆಳಗಾವಿಯವರಿಗೂ ಇದೇ ಲೆಕ್ಕ. ಕಲಬುರಗಿ, ರಾಯಚೂರಿನಲ್ಲಿ ನವೆಂಬರ್‌ನಲ್ಲೇ ಹಾಕಿ ಮುಗಿಸಬೇಕು. ತಡವಾದರೆ ಫೆಬ್ರುವರಿಯ ಬಿಸಿಲು ಗಿಡವನ್ನು ಒಣಗಿಸಿಬಿಡುತ್ತದೆ. ಮಂಗಳೂರು, ಉಡುಪಿ, ಕಾರವಾರದವರಿಗೆ ಬೇಜಾರಿನ ಮಾತು: ಅಲ್ಲಿ ಚಳಿಗಾಲದ ರಾತ್ರಿಯೂ ಬೆಚ್ಚಗೇ ಇರುತ್ತದೆ. ಅದೇ ಚೀಲದಲ್ಲಿ ಗೆಣಸು ಹಾಕಿ, ಅದಕ್ಕೆ ಸೆಕೆ ಇಷ್ಟ.

ಬಿತ್ತನೆ ಗೆಡ್ಡೆ

ಆಲೂಗೆಡ್ಡೆ ಬೇರಿನ ಜಾತಿ ಅಲ್ಲ. ಮಣ್ಣೊಳಗೆ ಊದಿಕೊಂಡ ಕಾಂಡ ಅದು. ಮೇಲಿನ ಒಂದೊಂದು ಕಣ್ಣೂ ಒಂದೊಂದು ಮೊಗ್ಗು. ಕಣ್ಣಿದ್ದ ಕಡೆ ಕುಡಿ ಒಡೆಯುತ್ತದೆ, ಕಣ್ಣಿಲ್ಲದ ತುಂಡು ಕೊಳೆಯುತ್ತದೆ.

ಹಾಸನಕ್ಕೆ ಬಿತ್ತನೆ ಗೆಡ್ಡೆ ಬಹುಮಟ್ಟಿಗೆ ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಗಟ್ಟಲೆ ಬರುತ್ತದೆ. ಅದನ್ನು ಮೂಟೆ ಲೆಕ್ಕದಲ್ಲಿ ಮಾರುತ್ತಾರೆ, ಮೂರು ಚೀಲಕ್ಕೆ ಬೆಳೆಯುವವರಿಗೆ ಅದು ಉಪಯೋಗವಿಲ್ಲ. ಪರಿಚಯದ ರೈತರಿದ್ದರೆ ಅವರ ಹತ್ತಿರ ಒಂದೆರಡು ಕೆಜಿ ಕೇಳಿ ನೋಡಿ. ಕುಫ್ರಿ ಜ್ಯೋತಿ ಇಲ್ಲಿ ಹಳೆಯ ತಳಿ, 1968ರಲ್ಲಿ ಬಿಡುಗಡೆಯಾದದ್ದು. ಸ್ವಲ್ಪ ಸೆಕೆ ತಡೆಯುವ ತಳಿ ಬೇಕೆಂದರೆ ಕುಫ್ರಿ ಸೂರ್ಯ ಕೇಳಿ. ಈ ಕುಫ್ರಿ ಅನ್ನುವುದು ಶಿಮ್ಲಾ ಹತ್ತಿರದ ಗುಡ್ಡದ ಊರು. ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆ ಶಿಮ್ಲಾದಲ್ಲಿದೆ, ಅದು ಹೊರತಂದ ತಳಿಗಳಿಗೆಲ್ಲ ಆ ಊರಿನ ಹೆಸರೇ ಮುಂದೆ.

ಇವೆಲ್ಲ ಸಿಗದಿದ್ದರೆ? ಅಂಗಡಿಯ ಆಲೂಗೆಡ್ಡೆಯೇ ಸಾಕು. ಆದರೆ ಆರಿಸುವಾಗ ಒಂದು ವಿಷಯ ಗಮನಿಸಿ. ಹೊಸದಾಗಿ ಕಿತ್ತ ಗೆಡ್ಡೆ ಎರಡು ತಿಂಗಳಾದರೂ ಮಲಗಿರುತ್ತದೆ, ಎಷ್ಟು ನೀರು ಹಾಕಿದರೂ ಏಳುವುದಿಲ್ಲ. ಅಕ್ಟೋಬರ್‌ನಲ್ಲಿ ಅಂಗಡಿಗೆ ಎರಡು ಥರದ ಮಾಲು ಬರುತ್ತದೆ. ಒಂದು, ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಕಿತ್ತ ನಮ್ಮ ಕಡೆಯ ಹೊಸ ಗೆಡ್ಡೆ. ಇನ್ನೊಂದು, ಉತ್ತರ ಭಾರತದಲ್ಲಿ ಫೆಬ್ರುವರಿ–ಮಾರ್ಚ್‌ನಲ್ಲಿ ಕಿತ್ತು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟಿದ್ದು. ಅಡುಗೆಗೆ ಮೊದಲನೆಯದು ಚೆನ್ನ, ಬಿತ್ತನೆಗೆ ಎರಡನೆಯದು. ಅಂಗಡಿಯವರನ್ನೇ ಕೇಳಿ, ಹೇಳುತ್ತಾರೆ. ಸಿಪ್ಪೆ ಕೊಂಚ ಸುಕ್ಕಾಗಿ, ಕಣ್ಣಲ್ಲಿ ಬಿಳಿ ಚುಕ್ಕೆಯಂತೆ ಮೊಳಕೆ ಕಾಣುವ, ಕೋಳಿ ಮೊಟ್ಟೆಯಷ್ಟು ದೊಡ್ಡ ಗೆಡ್ಡೆಗಳನ್ನು ಆರಿಸಿ. ಎಷ್ಟು ದಿನವಾದರೂ ಮೊಳಕೆ ಬಾರದವಕ್ಕೆ ಮೊಳಕೆ ತಡೆಯುವ ಔಷಧಿ ಹೊಡೆದಿರಬಹುದು, ಅವನ್ನು ಪಲ್ಯಕ್ಕೆ ಬಳಸಿ.

ಅಂಗಡಿ ಗೆಡ್ಡೆಯಲ್ಲಿ ಎಲೆ ಮುದುಡುವ ವೈರಸ್ ಇರುವ ಸಂಭವ ಇದೆ. ತಾರಸಿಯಲ್ಲಿ ಒಂದು ಸಲದ ಬೆಳೆಗೆ ಅದು ದೊಡ್ಡ ವಿಷಯವಲ್ಲ. ಅಕ್ಕಪಕ್ಕ ಆಲೂಗೆಡ್ಡೆ ಹೊಲ ಇರುವ ಊರಿನವರು ಮಾತ್ರ ಬಿತ್ತನೆ ಗೆಡ್ಡೆಯನ್ನೇ ಹುಡುಕಿ. ಹಾಸನ ಭಾಗದಲ್ಲಿ ಈಗ ಕೆಲವು ನರ್ಸರಿಗಳು ಅಂಗಾಂಶ ಕೃಷಿಯ, ಅಂದರೆ ಲ್ಯಾಬಿನಲ್ಲಿ ಬೆಳೆಸಿದ ಗಿಡದಿಂದ ಕುಡಿ ಕತ್ತರಿಸಿ, ಬೇರು ಬರಿಸಿ, ಸಸಿಯಾಗಿಯೇ ಮಾರುತ್ತವೆ. ರೋಗವಿಲ್ಲದ ಅಂಥ ಸಸಿ ಸಿಕ್ಕರೆ ನಿಮ್ಮ ಅದೃಷ್ಟ.

ಮೊಳಕೆ ಬರಿಸುವುದು

ಮೊಟ್ಟೆ ಟ್ರೇಯಲ್ಲಿ ಕಣ್ಣು ಜಾಸ್ತಿ ಇರುವ ತುದಿ ಮೇಲೆ ಬರುವಂತೆ ಗೆಡ್ಡೆಗಳನ್ನು ನಿಲ್ಲಿಸಿ. ಕಿಟಕಿ ಹತ್ತಿರ, ನೇರ ಬಿಸಿಲು ಬೀಳದ, ಬೆಳಕಿರುವ ಕಡೆ ಇಡಿ. ಎರಡು ಮೂರು ವಾರದಲ್ಲಿ ಗಿಡ್ಡ, ದಪ್ಪ, ಹಸಿರೋ ನೇರಳೆಯೋ ಬಣ್ಣದ ಮೊಳಕೆ ಬರುತ್ತದೆ. ಒಂದು ಸೆಂಟಿಮೀಟರ್ ಆದರೆ ನೆಡಲು ಸಿದ್ಧ. ಕತ್ತಲೆಯ ಡಬ್ಬದಲ್ಲಿಟ್ಟರೆ ಉದ್ದುದ್ದ ಬಿಳಿ ಬಳ್ಳಿ ಬರುತ್ತದೆ, ಮುಟ್ಟಿದರೆ ಮುರಿಯುತ್ತದೆ.

ದೊಡ್ಡ ಗೆಡ್ಡೆಯನ್ನು ಕತ್ತರಿಸಬಹುದಾ? ಹೊಲದಲ್ಲಿ ಕತ್ತರಿಸುತ್ತಾರೆ. ತುಂಡಿಗೆ ಎರಡು ಕಣ್ಣಾದರೂ ಇರಬೇಕು, 40 ಗ್ರಾಂ ಆದರೂ ತೂಗಬೇಕು. ಕತ್ತರಿಸಿದ ಮೇಲೆ ನೆರಳಲ್ಲಿ ಎರಡು ಮೂರು ದಿನ ಬಿಟ್ಟು, ಗಾಯ ಒಣಗಿ ಪೊರೆ ಬಂದ ಮೇಲೆ ನೆಡಬೇಕು. ಆದರೆ ಬೆಂಗಳೂರಲ್ಲಿ ನವೆಂಬರ್‌ವರೆಗೂ ಹಿಂಗಾರು ಮಳೆ ಬೀಳುತ್ತಿರುತ್ತದೆ. ಒದ್ದೆ ಮಣ್ಣಲ್ಲಿ ತುಂಡು ಗೆಡ್ಡೆ ಬೇಗ ಕೊಳೆಯುತ್ತದೆ. ಹತ್ತಿಪ್ಪತ್ತು ಗೆಡ್ಡೆಯ ವ್ಯವಹಾರಕ್ಕೆ ಯಾಕೆ ಈ ರಗಳೆ, ಚಿಕ್ಕದನ್ನೇ ಇಡಿಯಾಗಿ ನೆಡಿ.

ಚೀಲವೋ ಡಬ್ಬವೋ

ನನ್ನ ಆಯ್ಕೆ 15 ಇಂಚು ಅಗಲ, 15 ಇಂಚು ಎತ್ತರದ ಗ್ರೋ ಬ್ಯಾಗ್. ಅದರಲ್ಲಿ ಸುಮಾರು 43 ಲೀಟರ್ ಮಣ್ಣು ಹಿಡಿಯುತ್ತದೆ, ಮೂರು ಗೆಡ್ಡೆ ಹಾಕಬಹುದು. 12 ಇಂಚಿನ ಚೀಲದಲ್ಲಿ ಹಿಡಿಯುವುದು ಅದರ ಅರ್ಧ, 22 ಲೀಟರ್. ಅದಕ್ಕೆ ಒಂದು ಗೆಡ್ಡೆ ಸಾಕು. ಆಸೆಗೆ ಬಿದ್ದು ಐದಾರು ತುರುಕಿದರೆ ಗೆಡ್ಡೆ ಸಂಖ್ಯೆ ಹೆಚ್ಚಾಗುತ್ತದೆ, ಗಾತ್ರ ಸಣ್ಣದಾಗುತ್ತದೆ.

ಕಪ್ಪು ಚೀಲ ಬೇಡ. ಬಿಳಿ ಅಥವಾ ತಿಳಿ ಬಣ್ಣದ್ದು ಇರಲಿ. ದಪ್ಪ ಬಟ್ಟೆಯಂಥ ಚೀಲ ಸಿಕ್ಕರೆ ಇನ್ನೂ ಒಳ್ಳೆಯದು. ಅದರ ಮೈಯಿಂದ ನೀರು ಆರುತ್ತಾ ಒಳಗಿನ ಮಣ್ಣು ತಣ್ಣಗಾಗುತ್ತದೆ, ಆದರೆ ನೀರು ಜಾಸ್ತಿ ಕೇಳುತ್ತದೆ. 20 ಲೀಟರಿನ ಹಳೇ ಪೇಂಟ್ ಬಕೆಟ್ ಆದರೂ ಆಗುತ್ತದೆ. ಚೆನ್ನಾಗಿ ತೊಳೆದು ತಳಕ್ಕೆ ಏಳೆಂಟು ತೂತು ಮಾಡಿ, ಒಂದೇ ಗೆಡ್ಡೆ ಹಾಕಿ. ಅಕ್ಕಿಯ ಪ್ಲಾಸ್ಟಿಕ್ ಚೀಲ ಬಿಸಿಲಿಗೆ ಪುಡಿಪುಡಿಯಾಗುತ್ತದೆ, ಒಂದರೊಳಗೆ ಒಂದು ಹಾಕಿದರೆ ಒಂದು ಬೆಳೆಗೆ ಬಾಳಬಹುದು. ಸಿಮೆಂಟ್ ಚೀಲವನ್ನು ಬಿಟ್ಟುಬಿಡಿ. ಸಿಮೆಂಟ್ ಪುಡಿ ಮಣ್ಣನ್ನು ಕ್ಷಾರ ಮಾಡುತ್ತದೆ, ಆಲೂಗೆಡ್ಡೆಗೆ ಸ್ವಲ್ಪ ಹುಳಿ ಮಣ್ಣು ಬೇಕು.

ನೀರು ಕುಡಿದ 15 ಇಂಚಿನ ಚೀಲ 40 ಕೆಜಿ ದಾಟಬಹುದು. ಹತ್ತು ಚೀಲವನ್ನು ತಾರಸಿ ನಡುವೆ ಗುಂಪಾಗಿ ಇಡಬೇಡಿ, ಗೋಡೆ ಪಕ್ಕ ಸಾಲಾಗಿ ಇಡಿ. ಅಡಿಗೆ ಇಟ್ಟಿಗೆ ಚೂರು ಅಥವಾ ಹಲಗೆ ಕೊಟ್ಟು ಎರಡು ಇಂಚು ಎತ್ತರಿಸಿ. ಕೆಳಗೆ ಗಾಳಿಯಾಡಿದರೆ ಕಾಂಕ್ರೀಟಿನ ಬಿಸಿ ತಟ್ಟುವುದಿಲ್ಲ, ತಾರಸಿಯಲ್ಲಿ ನೀರೂ ನಿಲ್ಲುವುದಿಲ್ಲ. ಬಾಡಿಗೆ ಮನೆಯವರಿಗೆ ಇದು ಇನ್ನೂ ಮುಖ್ಯ. ಮಾಲೀಕರು ಮೊದಲು ನೋಡುವುದು ಸೀಲಿಂಗ್ ಸೋರುತ್ತಿದೆಯಾ ಅಂತ ತಾನೇ?

ದಿನಕ್ಕೆ ಆರು ಗಂಟೆ ಬಿಸಿಲು ಬೇಕು. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ಮೂರರ ಮೇಲೆ ನೆರಳಾಗುವ ಜಾಗ ಇದ್ದರೆ ಅದೇ ಸರಿ. ನೆರಳು ಮಾತ್ರ ಇರುವ ಬಾಲ್ಕನಿಯಲ್ಲಿ ಆಲೂಗೆಡ್ಡೆ ಆಗುವುದಿಲ್ಲ.

ಮಣ್ಣು

ಕೆಮ್ಮಣ್ಣು ಒಂದು ಪಾಲು, ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ ಒಂದು ಪಾಲು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು. ಬರೀ ಕೆಮ್ಮಣ್ಣು ಹಾಕಿದರೆ ಎರಡು ಸಲ ಒಣಗುವಷ್ಟರಲ್ಲಿ ಗಟ್ಟಿಯಾಗಿ, ಗೆಡ್ಡೆ ಸೊಟ್ಟ ಸೊಟ್ಟ ಆಗುತ್ತದೆ. ಬರೀ ಕೋಕೋಪೀಟಿನಲ್ಲಿ ಗಿಡಕ್ಕೆ ಊಟವೇ ಇರುವುದಿಲ್ಲ. ಕೋಕೋಪೀಟನ್ನು ನೆನೆಸಿ, ಹಿಂಡಿ, ಮತ್ತೆ ನೆನೆಸಿ ಉಪ್ಪಿನಂಶ ತೆಗೆಯಿರಿ. 5 ಕೆಜಿಯ ಬ್ಲಾಕ್ ನೆನೆದರೆ 60 ಲೀಟರಿಗೂ ಮೀರಿ ಉಬ್ಬುತ್ತದೆ, ಮೂರು ನಾಲ್ಕು ಚೀಲಕ್ಕೆ ಸಾಕು.

ಚೀಲಕ್ಕೆ ಎರಡು ಹಿಡಿ ಬೇವಿನ ಹಿಂಡಿ, ಒಂದು ಹಿಡಿ ಮೂಳೆ ಪುಡಿ ಬೆರೆಸಿ. ಹಸಿ ಸಗಣಿ ಬೇಡ, ಸುಣ್ಣವಂತೂ ಬೇಡವೇ ಬೇಡ. ಇವೆರಡೂ ಸಿಪ್ಪೆ ಮೇಲೆ ಹುರುಕು ಬರಲು ದಾರಿ. ಬೂದಿಯೂ ಕ್ಷಾರವೇ, ಒಂದು ಹಿಡಿಗಿಂತ ಜಾಸ್ತಿ ಹಾಕಬೇಡಿ. ಹೋದ ವರ್ಷ ಟೊಮೇಟೊ, ಬದನೆ, ಮೆಣಸಿನಕಾಯಿ ಬೆಳೆದ ಮಣ್ಣನ್ನು ಬೇರೆ ಗಿಡಕ್ಕೆ ಬಳಸಿ. ಎಲ್ಲ ಒಂದೇ ಕುಟುಂಬದವು, ಒಂದರ ರೋಗ ಇನ್ನೊಂದಕ್ಕೆ ಹತ್ತುತ್ತದೆ.

ನೆಡುವುದು

ಚೀಲದ ಅಂಚನ್ನು ಸ್ವಲ್ಪ ಹೊರಗೆ ಮಡಚಿ. ತಳದಲ್ಲಿ ಐದು ಇಂಚು ಮಿಶ್ರಣ ಹಾಕಿ ನೀರು ಚಿಮುಕಿಸಿ. ಮೂರು ಗೆಡ್ಡೆಯನ್ನು ತ್ರಿಕೋನವಾಗಿ, ಚೀಲದ ಗೋಡೆಯಿಂದ ಮೂರು ಇಂಚು ಒಳಗೆ, ಮೊಳಕೆ ಮೇಲೆ ಮಾಡಿ ಇಡಿ. ಗೋಡೆ ಪಕ್ಕ ಇಟ್ಟರೆ ಮಧ್ಯಾಹ್ನದ ಕಾವು ನೇರವಾಗಿ ತಾಗುತ್ತದೆ. ಮೇಲೆ ಮೂರು ನಾಲ್ಕು ಇಂಚು ಮಿಶ್ರಣ ಮುಚ್ಚಿ, ಒಮ್ಮೆ ಚೆನ್ನಾಗಿ ನೀರು ಕೊಡಿ. ಕುಡಿ ಕಾಣುವವರೆಗೆ ಮತ್ತೆ ಮತ್ತೆ ನೀರು ಸುರಿಯುವ ಅಗತ್ಯವಿಲ್ಲ. ಹೆಚ್ಚಿನ ಗೆಡ್ಡೆಗಳು ಕೊಳೆಯುವುದು ಈ ದಿನಗಳಲ್ಲೇ. ಮಳೆ ಬಂದರೆ ಚೀಲವನ್ನು ಸಜ್ಜೆ ಕೆಳಗೆ ಎಳೆಯಿರಿ ಅಥವಾ ಶೀಟ್ ಮುಚ್ಚಿ. ಹತ್ತರಿಂದ ಇಪ್ಪತ್ತು ದಿನದಲ್ಲಿ ಕುಡಿ ಹೊರಬರುತ್ತದೆ.

ಬುಡಕ್ಕೆ ಮಣ್ಣು ಏರಿಸುವುದು

ಗಿಡ ಆರೇಳು ಇಂಚು ಎತ್ತರ ಆದಾಗ, ಮೇಲಿನ ಎಲೆಗಳನ್ನು ಬಿಟ್ಟು ಕಾಂಡದ ಅರ್ಧದವರೆಗೆ ಅದೇ ಮಿಶ್ರಣ ಏರಿಸಿ. ಹತ್ತು ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಮಡಚಿದ ಅಂಚನ್ನು ಜೊತೆಜೊತೆಗೆ ಬಿಚ್ಚುತ್ತಾ ಹೋಗಿ. ಚೀಲದ ಬಾಯಿಗೆ ಎರಡು ಇಂಚು ಉಳಿದಾಗ ನಿಲ್ಲಿಸಿ, ಅಷ್ಟು ಜಾಗ ನೀರಿಗೆ ಬೇಕು.

ಇಲ್ಲಿ ಒಂದು ಮಾತು ಹೇಳಲೇಬೇಕು. ಟೈರ್ ಮೇಲೆ ಟೈರ್ ಇಟ್ಟು, ನಾಲ್ಕು ಅಡಿ ಮಣ್ಣು ಏರಿಸಿ, ಮೇಲಿಂದ ಕೆಳಗಿನವರೆಗೆ ಗೆಡ್ಡೆ ತುಂಬಿರುವ ವಿಡಿಯೊಗಳು ಓಡಾಡುತ್ತವೆ. ನಂಬಬೇಡಿ. ಗೆಡ್ಡೆ ಕಟ್ಟುವುದು ಮಣ್ಣಲ್ಲಿ ಮುಚ್ಚಿದ ಕಾಂಡದಿಂದ ಹೊರಡುವ ಬಳ್ಳಿಯಂಥ ಎಳೆಗಳ ತುದಿಯಲ್ಲಿ. ನಮ್ಮಲ್ಲಿ ಸಿಗುವ ಮೂರು ತಿಂಗಳ ತಳಿಗಳಲ್ಲಿ ಈ ಎಳೆಗಳು ಬಹುತೇಕ ಬಿತ್ತನೆ ಗೆಡ್ಡೆಗೆ ಸ್ವಲ್ಪ ಮೇಲೆಯೇ ಹೊರಟು, ಅಲ್ಲೇ ಗೆಡ್ಡೆ ಕಟ್ಟುತ್ತವೆ. ಇನ್ನೂ ಮೂರು ಅಡಿ ಮಣ್ಣು ಏರಿಸಿದರೆ ಮಣ್ಣಿನ ಖರ್ಚು ಏರುತ್ತದೆ ಅಷ್ಟೇ. ಹಾಗಾದರೆ ಮಣ್ಣು ಏರಿಸುವುದೇ ಯಾಕೆ? ಗೆಡ್ಡೆಗೆ ಬೆಳಕು ಬೀಳಬಾರದು ಅಂತ. ಬೆಳಕು ಬಿದ್ದ ಗೆಡ್ಡೆ ಹಸಿರಾಗುತ್ತದೆ, ಅದರಲ್ಲಿ ಸೋಲನಿನ್ ಅನ್ನುವ ಕಹಿ ವಿಷ ಸೇರುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಗೆಡ್ಡೆ ಕೊರೆಯುವ ಪತಂಗವೂ ಮಣ್ಣಿಂದ ಇಣುಕುವ ಗೆಡ್ಡೆಯನ್ನೇ ಹುಡುಕಿ ಮೊಟ್ಟೆ ಇಡುತ್ತದೆ. ಮೇಲಿನ ಮಣ್ಣು ಕಾವನ್ನೂ ತಡೆಯುತ್ತದೆ.

ಎರಡನೇ ಸಲ ಮಣ್ಣು ಏರಿಸಿದ ಮೇಲೆ ಒಣ ಎಲೆ ಅಥವಾ ಹುಲ್ಲನ್ನು ಎರಡು ಇಂಚು ಹೊದಿಸಿ. ಬೀದಿಯಲ್ಲಿ ಗುಡಿಸಿ ರಾಶಿ ಹಾಕಿದ ಒಣ ಎಲೆ ಸಾಕು, ದುಡ್ಡು ಕೊಡಬೇಕಿಲ್ಲ.

ನೀರು

ಬೆರಳನ್ನು ಎರಡು ಇಂಚು ಮಣ್ಣೊಳಗೆ ಇಳಿಸಿ. ಒಣಗಿದ್ದರೆ ನೀರು, ತೇವ ಇದ್ದರೆ ನಾಳೆ ನೋಡೋಣ. ನೀರು ಬೆಳಗ್ಗೆ, ಬುಡಕ್ಕೆ, ತಳದ ತೂತಿಂದ ಸ್ವಲ್ಪ ಹೊರಬರುವಷ್ಟು. ಎಲೆ ಮೇಲೆ ಸುರಿಯಬೇಡಿ.

ನೆಟ್ಟ ಐದನೇ ವಾರದಿಂದ ಒಂದು ತಿಂಗಳು ತುಂಬಾ ಮುಖ್ಯ. ಎಳೆಗಳ ತುದಿ ಊದಿಕೊಳ್ಳುವುದು ಆಗಲೇ. ಕೆಲವು ತಳಿಗಳು ಆ ಹೊತ್ತಿಗೆ ಹೂ ಬಿಡುತ್ತವೆ, ಕೆಲವು ಬಿಡುವುದೇ ಇಲ್ಲ. ಹೂ ಬರಲಿಲ್ಲ ಅಂತ ಚಿಂತೆ ಬೇಡ. ಈ ದಿನಗಳಲ್ಲಿ ಒಂದು ವಾರ ಒಣಗಿಸಿ ಆಮೇಲೆ ಬಕೆಟ್‌ಗಟ್ಟಲೆ ಸುರಿದರೆ ಗೆಡ್ಡೆ ಸೀಳುತ್ತದೆ, ಮೈಮೇಲೆ ಗಂಟು ಏಳುತ್ತದೆ, ಕೆಲವೊಮ್ಮೆ ಒಳಗೆ ಟೊಳ್ಳಾಗುತ್ತದೆ. ಸಂಕ್ರಾಂತಿ ಕಳೆದು ಬಿಸಿಲು ಚುರುಕಾದಾಗ ಮಧ್ಯಾಹ್ನಕ್ಕೆ ಶೇಡ್ ನೆಟ್ ಕಟ್ಟಿ. ಚೀಲದ ಪಶ್ಚಿಮದ ಮಗ್ಗುಲಿಗೆ ಒಂದು ರಟ್ಟು ಅಥವಾ ಹಳೇ ಗೋಣಿಚೀಲ ಆನಿಸಿ ಇಟ್ಟರೂ ಮಣ್ಣು ಕಾಯುವುದು ಎಷ್ಟೋ ತಪ್ಪುತ್ತದೆ.

ಗೊಬ್ಬರ

ಮಿಶ್ರಣ ಚೆನ್ನಾಗಿದ್ದರೆ ಹೆಚ್ಚೇನೂ ಬೇಡ. ಪ್ರತಿ ಸಲ ಮಣ್ಣು ಏರಿಸುವಾಗ ಎರಡು ಹಿಡಿ ಎರೆಹುಳು ಗೊಬ್ಬರ ಸೇರಿಸಿ. ಕಡಲೆಕಾಯಿ ಹಿಂಡಿ ನೆನೆಸಿದ ನೀರನ್ನು ತೆಳ್ಳಗೆ ಮಾಡಿ ಮೊದಲ ತಿಂಗಳು ಒಂದೆರಡು ಸಲ ಕೊಡಬಹುದು. ಆಮೇಲೆ ನಿಲ್ಲಿಸಿ. ಸಾರಜನಕ ಜಾಸ್ತಿಯಾದರೆ ಸೊಪ್ಪು ಬೆಳೆಯುತ್ತದೆ, ಗೆಡ್ಡೆ ಹಿಂದೆ ಬೀಳುತ್ತದೆ. ಗೆಡ್ಡೆ ದಪ್ಪ ಆಗಲು ಪೊಟ್ಯಾಷ್ ಬೇಕು, ಅದು ಎರೆಹುಳು ಗೊಬ್ಬರದಲ್ಲೂ ಸ್ವಲ್ಪ ಇರುತ್ತದೆ.

ರೋಗ, ಹುಳು, ಇಲಿ

ಅಂಗಮಾರಿಯನ್ನು ಗುರುತು ಹಿಡಿಯಲು ಕಲಿಯಿರಿ. ಎಲೆ ಅಂಚಲ್ಲಿ ನೀರು ಕುಡಿದಂತೆ ಕಂದುಗಪ್ಪು ಕಲೆ, ಬೆಳಗ್ಗೆ ಎಲೆ ತಿರುಗಿಸಿ ನೋಡಿದರೆ ಕಲೆಯ ಸುತ್ತ ಬಿಳಿ ಬೂಷ್ಟು. ಮಂಜು, ಮೋಡ, ಜಿಟಿಜಿಟಿ ಮಳೆ ಇದಕ್ಕೆ ಹಬ್ಬ. 1845ರಲ್ಲಿ ಐರ್ಲೆಂಡಿನಲ್ಲಿ ಶುರುವಾದ ಬರಗಾಲದ ಹಿಂದೆ ಇದ್ದದ್ದೂ ಇದೇ ರೋಗ. ಒಂದೆರಡು ಎಲೆಯಲ್ಲಿ ಕಂಡರೆ ಚಿವುಟಿ, ಕವರ್‌ಗೆ ಕಟ್ಟಿ ಕಸಕ್ಕೆ ಹಾಕಿ. ಕಾಂಪೋಸ್ಟ್‌ಗೆ ಬೇಡ. ಕಾಂಡಕ್ಕೂ ಇಳಿದಿದ್ದರೆ ಗಿಡವನ್ನು ಮಣ್ಣಿನ ಮಟ್ಟಕ್ಕೆ ಕತ್ತರಿಸಿಬಿಡಿ. ಎರಡು ವಾರ ಚೀಲ ಮುಟ್ಟದೆ ಬಿಟ್ಟು ಆಮೇಲೆ ಗೆಡ್ಡೆ ಕೀಳಿ. ತಕ್ಷಣ ಕಿತ್ತರೆ ಎಲೆಯ ರೋಗ ಗೆಡ್ಡೆಗೂ ಅಂಟುತ್ತದೆ.

ಕಲೆ ಒಣಗಿದಂತಿದ್ದು ಒಳಗೆ ಉಂಗುರದ ಮೇಲೆ ಉಂಗುರ ಕಂಡರೆ ಅದು ಬೇರೆ ಅಂಗಮಾರಿ. ಕೆಳಗಿನ ಹಳೇ ಎಲೆಗೆ ಮೊದಲು ಬರುತ್ತದೆ, ನಿಧಾನಕ್ಕೆ ಹರಡುತ್ತದೆ. ಅಂಥ ಎಲೆ ತೆಗೆಯುತ್ತಾ ಹೋದರೆ ಸಾಕು.

ಗಿಡಹೇನು, ಬಿಳಿನೊಣ, ಹಿಟ್ಟು ತಿಗಣೆಗೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಸಂಜೆ ಎಲೆಯ ಅಡಿಗೆ ಸಿಂಪಡಿಸಿ. ಇಲಿ ಹೆಗ್ಗಣಕ್ಕೆ ಬೇವಿನ ಎಣ್ಣೆ ನಾಟುವುದಿಲ್ಲ. ಕೊನೆಯ ತಿಂಗಳಲ್ಲಿ ಚೀಲ ಕೊರೆದರೆ ಸುತ್ತ ತಂತಿ ಜಾಲರಿ ಕಟ್ಟಬೇಕು, ಬೇರೆ ದಾರಿ ನನಗೆ ಕಂಡಿಲ್ಲ.

ಗಿಡದಲ್ಲಿ ಚಿಕ್ಕ ಹಸಿರು ಟೊಮೇಟೊದಂಥ ಕಾಯಿ ಬಿಟ್ಟರೆ ಕಿತ್ತು ಎಸೆಯಿರಿ. ಅದು ವಿಷ. ಮನೆಯಲ್ಲಿ ಮಕ್ಕಳಿದ್ದರೆ ಮೊದಲೇ ಹೇಳಿಡಿ.

ಕೀಳುವುದು

ಎಳೆ ಗೆಡ್ಡೆ ಇಷ್ಟವಾದರೆ 70 ದಿನಕ್ಕೆ ಚೀಲದ ಮಗ್ಗುಲಲ್ಲಿ ಕೈ ಇಳಿಸಿ ಒಂದೆರಡು ತೆಗೆಯಬಹುದು. ಸಿಪ್ಪೆ ಬೆರಳಲ್ಲೇ ಉಜ್ಜಿದರೆ ಹೋಗುತ್ತದೆ. ಒಗ್ಗರಣೆಗೆ ಇಡಿಯಾಗಿಯೇ ಹಾಕಿ. ಇದು ಇಟ್ಟರೆ ಉಳಿಯುವುದಿಲ್ಲ, ಅವತ್ತೇ ತಿನ್ನಬೇಕು.

ಪೂರ್ತಿ ಬಲಿಯಲು 90ರಿಂದ 110 ದಿನ ಬೇಕು. ಎಲೆ ಹಳದಿಯಾಗಿ ಗಿಡ ಒರಗತೊಡಗಿದಾಗ ನೀರು ನಿಲ್ಲಿಸಿ. ಹತ್ತು ದಿನ ಬಿಟ್ಟು ಒಂದು ಗೆಡ್ಡೆ ತೆಗೆದು ಹೆಬ್ಬೆರಳಲ್ಲಿ ಉಜ್ಜಿ. ಸಿಪ್ಪೆ ಜಾರದಿದ್ದರೆ ಬಲಿತಿದೆ. ಹಳೇ ಬೆಡ್‌ಶೀಟ್ ಹಾಸಿ ಚೀಲವನ್ನು ಬೋರಲು ಹಾಕಿ ಕೈಯಲ್ಲೇ ಹುಡುಕಿ. ಗುದ್ದಲಿ ಬೇಡ, ಮಕ್ಕಳನ್ನು ಕರೆಯಿರಿ.

15 ಇಂಚಿನ ಚೀಲದಿಂದ ಒಂದೂವರೆ ಕೆಜಿ ಬಂದರೆ ಬೆಳೆ ಚೆನ್ನಾಗಿದೆ ಎಂದರ್ಥ. ಹತ್ತು ಕೆಜಿ ಅನ್ನುವವರ ಮಾತು ಕೇಳಿ ನಕ್ಕುಬಿಡಿ. ಮೊದಲ ವರ್ಷ ಚೀಲ, ಕೋಕೋಪೀಟ್, ಗೊಬ್ಬರದ ಖರ್ಚು ಲೆಕ್ಕ ಹಾಕಿದರೆ ಅಂಗಡಿ ಆಲೂಗೆಡ್ಡೆಯೇ ಅಗ್ಗ. ದುಡ್ಡು ಉಳಿಸುವ ಯೋಚನೆಯಿದ್ದರೆ ಸೊಪ್ಪು ಬೆಳೆಯಿರಿ, ಅದರಲ್ಲಿ ಲಾಭ ಇದೆ.

ಕಿತ್ತ ಮೇಲೆ

ತೊಳೆಯಬೇಡಿ. ಮಣ್ಣು ಕೊಡವಿ, ನೆರಳಲ್ಲಿ, ಗಾಳಿಯಾಡುವ ಕಡೆ, ಮೇಲೆ ಬಟ್ಟೆ ಮುಚ್ಚಿ ವಾರ ಹತ್ತು ದಿನ ಹರಡಿ. ಗೀರು ಗಾಯಗಳು ಮಾಯುತ್ತವೆ. ಆಮೇಲೆ ಕತ್ತಲೆ ಮೂಲೆಯಲ್ಲಿ ಬಿದಿರ ಬುಟ್ಟಿಯಲ್ಲೋ ಗೋಣಿಚೀಲದಲ್ಲೋ ಇಡಿ. ಪ್ಲಾಸ್ಟಿಕ್ ಕವರ್ ಬೇಡ. ಈರುಳ್ಳಿ ಬುಟ್ಟಿ ಬೇರೆ ಇರಲಿ. ಫ್ರಿಜ್ಜಿನಲ್ಲೂ ಇಡಬೇಡಿ, ತಂಪಿಗೆ ಪಿಷ್ಟ ಸಕ್ಕರೆಯಾಗಿ ಗೆಡ್ಡೆ ಸಿಹಿಯಾಗುತ್ತದೆ, ಕರಿದರೆ ಬೇಗ ಕಪ್ಪಾಗುತ್ತದೆ.

ಚೆಂದದ ನಾಲ್ಕು ಗೆಡ್ಡೆ ಎತ್ತಿಟ್ಟು ಮುಂದಿನ ಅಕ್ಟೋಬರ್‌ಗೆ ಬಿತ್ತೋಣ ಅಂತ ಆಸೆ ಆಗುವುದು ಸಹಜ. ಫೆಬ್ರುವರಿಯಲ್ಲಿ ಕಿತ್ತದ್ದು ಬೇಸಿಗೆಯ ಸೆಕೆಗೆ ಮೇ ಹೊತ್ತಿಗೇ ಮೊಳೆತು ಸುಕ್ಕಾಗಿ ಹೋಗುತ್ತದೆ. ಬಿತ್ತನೆಗೆ ಪ್ರತಿ ವರ್ಷ ಹೊಸದೇ ತನ್ನಿ.

ಚೀಲದ ಮಣ್ಣನ್ನು ಎಸೆಯಬೇಡಿ. ರೋಗ ಬಂದಿರದಿದ್ದರೆ ಬೇರು ಆರಿಸಿ ತೆಗೆದು, ಶೀಟ್ ಮೇಲೆ ಹರಡಿ ನಾಲ್ಕು ದಿನ ಒಣಗಿಸಿ, ಒಂದು ಪಾಲು ಹೊಸ ಗೊಬ್ಬರ ಸೇರಿಸಿ ತುಂಬಿ. ಬೇಸಿಗೆಗೆ ಅದರಲ್ಲಿ ದಂಟು, ಅಲಸಂದೆ, ಬೆಂಡೆ ಚೆನ್ನಾಗಿ ಬರುತ್ತವೆ. ಕಣ್ಣು ತಪ್ಪಿಸಿ ಉಳಿದ ಪುಟ್ಟ ಗೆಡ್ಡೆಗಳು ನಡುವೆ ಮೊಳೆತು ಮೇಲೆ ಬಂದರೆ ಕಿತ್ತುಹಾಕಿ, ಆ ಸೆಕೆಯಲ್ಲಿ ಅವು ಗೆಡ್ಡೆ ಕಟ್ಟುವುದಿಲ್ಲ.